ಅಜ್ಜನ ಹೆಸರಿನ ಮೀಟರ್

ಲಕ್ಷ್ಮೇಶ್ವರದ ಆ ಮನೆಗೆ ನಾನು ಹನ್ನೊಂದು ಸಲ ಹೋಗಿದ್ದೇನೆ. ಒಂದು ಸಲವೂ ಯಾರೂ ನನ್ನನ್ನು ಕುಂಡ್ರಿ ಅನ್ನಲಿಲ್ಲ. ಸೋಲಾರ್ ಕೂಡಿಸಲು ಬಂದವಳಿಗೆ ಉಪಚಾರ ಬೇಕಿಲ್ಲ, ಏಣಿ ಬೇಕು. ಅದನ್ನೂ ಕೊಡಲಿಲ್ಲ. ಮುಂದಿನ ಕೋಣೆಯಲ್ಲಿ ಉದ್ದನೆಯ ಏಣಿ ಗೋಡೆಗೆ ಒರಗಿ ನಿಂತಿದ್ದು ಕಣ್ಣಿಗೆ ಕಾಣುತ್ತಿತ್ತು. ಕೇಳಿದರೆ ಅದು ಮುರಿದಿದೆ ಅಂದರು. ಮರುದಿನ ಗದಗಿನಿಂದ ನಮ್ಮದೇ ಏಣಿಯನ್ನು ಟಂಟಂ ಆಟೋದ ಮೇಲೆ ಕಟ್ಟಿಕೊಂಡು ಹೋದೆವು.

ಮನೆ ಒಂದು, ಒಲೆ ಎರಡು, ಮೀಟರ್ ಒಂದು. ಇಬ್ಬರು ಅಣ್ಣತಮ್ಮಂದಿರಲ್ಲಿ ಅಣ್ಣ ತೀರಿಕೊಂಡ ಮೇಲೆ ತಮ್ಮನಾದವನು ಅಂಗಳದ ನಡುವೆ ಎದೆಮಟ್ಟದ ಗೋಡೆ ಎಬ್ಬಿಸಿದ್ದ. ಮುಂದಿನ ಹಳೆಯ ಮಣ್ಣಿನ ಮಾಳಿಗೆಯ ಭಾಗ ಅವನಿಗೆ, ಹಿಂದೆ ಆರ್‌ಸಿಸಿ ಹಾಕಿಸಿದ ಎರಡು ಕೋಣೆ ಅಣ್ಣನ ಹೆಂಡತಿಗೆ. ಎಲ್ಲವೂ ಬಾಯಿಮಾತಿನ ಹಿಸ್ಸೆ, ಕಾಗದದ ಮೇಲೆ ಏನೂ ಇಲ್ಲ. ಗೋಡೆ ಕಟ್ಟಿ ಹಂಚಲಾಗದೆ ಉಳಿದದ್ದು ಕರೆಂಟ್ ಮೀಟರ್ ಮಾತ್ರ. ಎರಡು ಸಂಸಾರದ ಫ್ರಿಜ್ಜು, ಮಿಕ್ಸರ್, ನೀರಿನ ಮೋಟರ್ ಎಲ್ಲ ಒಂದೇ ಮೀಟರಿನಲ್ಲಿ ಓಡುತ್ತಿದ್ದರಿಂದ ಸರಕಾರದ ಪುಕ್ಕಟೆ ಕರೆಂಟಿನ ಮಿತಿ ಪ್ರತಿ ತಿಂಗಳೂ ದಾಟಿ ಪೂರ್ತಿ ಬಿಲ್ಲು ಬರುತ್ತಿತ್ತು. ಬಿಲ್ಲು ಬಂದ ದಿನ ಗೋಡೆಯ ಎರಡೂ ಬದಿಯಿಂದ ಬೈಗುಳ.

ಬೆಟಗೇರಿಯ ನನ್ನ ಅಂಗಡಿಗೆ ಬಂದವರು ಅಣ್ಣನ ಹೆಂಡತಿ. ಐವತ್ತರ ಆಸುಪಾಸು, ಅಂಗನವಾಡಿ ಕಾರ್ಯಕರ್ತೆ. ನಾನು ಅವರನ್ನು ಅಕ್ಕಾರ ಎನ್ನುತ್ತಿದ್ದೆ, ಅವರು ನನ್ನನ್ನು ತಂಗಿ ಎನ್ನುತ್ತಿದ್ದರು, ಮುಂದೆ ಅದನ್ನೂ ಬಿಟ್ಟರು. ಮನೆ ಮೇಲೆ ಸೋಲಾರ್ ಹಾಕಿಸಿದರೆ ಬಿಲ್ಲು ಹೋಗುತ್ತದೆ, ಬಿಲ್ಲು ಹೋದರೆ ಮೈದುನನ ಬಾಯಿ ಮುಚ್ಚುತ್ತದೆ ಎಂಬುದು ಅವರ ಲೆಕ್ಕ.

"ಕರೆಂಟ್ ಉಳಿಸಾಕ ಅಲ್ಲ ತಂಗಿ, ಆ ಮನಿಶ್ಯಾನ ಮಾತು ಕೇಳೂದು ಸಾಕಾಗೇತಿ," ಅಂದರು.

ಕೇಂದ್ರ ಸರಕಾರದ ಯೋಜನೆಯಲ್ಲಿ ಮನೆಯವರು ಮೊದಲು ಪೂರ್ತಿ ಹಣ ಹಾಕಿ ಫಲಕ ಕೂಡಿಸಬೇಕು. ವಿದ್ಯುತ್ ಕಂಪನಿಯವರು ತಪಾಸಣೆ ಮಾಡಿದ ಮೇಲೆ ಸಹಾಯಧನ ಮನೆಯವರ ಬ್ಯಾಂಕ್ ಖಾತೆಗೆ ನೇರವಾಗಿ ಬರುತ್ತದೆ. ಅಕ್ಕಾರ ಕೂಡಿಟ್ಟ ಪಗಾರಕ್ಕೆ ಕಡಿಮೆ ಬಿದ್ದ ಹಣವನ್ನು ತಮ್ಮ ಪಾಟ್ಲಿಗಳನ್ನು ಊರಿನ ಸೊಸೈಟಿಯಲ್ಲಿ ಒತ್ತೆ ಇಟ್ಟು ತಂದರು. ಗಂಡ ಇದ್ದಾಗ ಮಾಡಿಸಿದ ಬಳೆಗಳು, ಅವರಿಗಿದ್ದ ಬಂಗಾರ ಅಷ್ಟೇ. ಸಹಾಯಧನ ಬಂದ ಕೂಡಲೇ ಬಿಡಿಸಿಕೊಳ್ಳುವುದು, ಯುಗಾದಿ ದಾಟಿದರೆ ಸೊಸೈಟಿ ಹರಾಜಿಗೆ ಹಾಕುತ್ತದೆ. ಇದನ್ನು ಅವರು ನನಗೆ ಮೊದಲ ದಿನವೇ ಹೇಳಿದ್ದರು. ಗೊತ್ತಿರಲಿಲ್ಲ ಎಂದು ನಾನು ಕೈ ತೊಳೆದುಕೊಳ್ಳುವ ಹಾಗಿಲ್ಲ.

ಅರ್ಜಿ ಹಾಕುವುದು ಸಲೀಸು. ಬಿಲ್ಲಿನ ಮೇಲಿನ ಗ್ರಾಹಕ ಸಂಖ್ಯೆ ಒತ್ತಿದರೆ ಹೆಸರು, ವಿಳಾಸ ತಾವಾಗಿಯೇ ತುಂಬಿಕೊಳ್ಳುತ್ತವೆ. ಅಕ್ಕಾರರ ಫೋನಿಗೆ ಬಂದ ನಂಬರನ್ನು ಹಾಕಿದೆ, ಅರ್ಜಿ ಹೋಯಿತು. ನಾಲ್ಕು ದಿನಕ್ಕೆ ಒಪ್ಪಿಗೆಯೂ ಬಂತು. ತುಂಬಿಕೊಂಡ ಹೆಸರು ಮನೆಯ ಯಾರೋ ಗಂಡಸಿನದು ಇರಬಹುದು ಅಂದುಕೊಂಡು ಮುಂದೆ ಹೋದೆ. ಆ ತಿಂಗಳು ಮುಂಡರಗಿಯಲ್ಲಿ ಎರಡು, ಶಿರಹಟ್ಟಿಯಲ್ಲಿ ಒಂದು ಕೆಲಸ ನಡೆದಿತ್ತು. ಒಂದು ಹೆಸರನ್ನು ಎರಡು ಸಲ ಓದುವಷ್ಟು ಪುರುಸೊತ್ತು ನನಗೆ ಇರಲಿಲ್ಲ.

ಫಲಕ ಆರು. ಮಣ್ಣಿನ ಮಾಳಿಗೆ ಭಾರ ತಡೆಯುವುದಿಲ್ಲ, ಹಾಗಾಗಿ ಆರನ್ನೂ ಅಕ್ಕಾರರ ಆರ್‌ಸಿಸಿ ಮೇಲೆಯೇ ಕೂಡಿಸಬೇಕು. ನಮ್ಮ ಸೀಮೆಯ ಗಾಳಿಯ ವಿಷಯ ಬೇರೆ ಹೇಳಬೇಕಿಲ್ಲ, ಗುಡ್ಡದ ಮೇಲೆಲ್ಲ ಗಾಳಿಯಂತ್ರ ನೆಟ್ಟಿರುವುದು ಸುಮ್ಮನೆ ಅಲ್ಲ. ಬರೀ ಇಟ್ಟಿಗೆಯ ಭಾರ ಹೇರಿ ಕೂಡಿಸಿದರೆ ಆಷಾಢದಲ್ಲಿ ಫಲಕ ಪಕ್ಕದವರ ಅಂಗಳದಲ್ಲಿ ಬಿದ್ದಿರುತ್ತದೆ. ಸ್ಲ್ಯಾಬಿಗೆ ರಂಧ್ರ ಕೊರೆದು, ಅಂಟು ತುಂಬಿ, ಬೋಲ್ಟು ಇಳಿಸಿ, ಮೇಲೆ ಕಾಂಕ್ರೀಟಿನ ಗಟ್ಟಿ ಹಾಕಿದೆವು. ನನ್ನ ಜೊತೆ ಇಬ್ಬರು ಫಿಟ್ಟರುಗಳಿದ್ದರು. ಕೆಳಗೆ ಮೈದುನ ಗೋಡೆಯ ಆಚೆ ಕುರ್ಚಿ ಹಾಕಿಕೊಂಡು ಕೂತು, ಡ್ರಿಲ್ಲಿನ ಸದ್ದು ಬಂದಾಗಲೊಮ್ಮೆ ತನ್ನ ಗೋಡೆ ಸೀಳಿತು ಎಂದು ಕೂಗುತ್ತಿದ್ದ. ಎರಡು ಸಲ ಇಳಿದು ಹೋಗಿ ನೋಡಿದೆ. ಕೂದಲೆಳೆಯಷ್ಟೂ ಸೀಳಿರಲಿಲ್ಲ.

ಅರ್ಥಿಂಗ್ ಗುಂಡಿ ತೋಡುವಾಗ ಇನ್ನೊಂದು ರಗಳೆ. ಇನ್ವರ್ಟರಿಗೆ, ಫಲಕಗಳಿಗೆ, ಸಿಡಿಲಿಗೆ ಎಂದು ಮೂರು ಗುಂಡಿ ಬೇಕು. ಅಂಗಳದ ಮೂಲೆಯಲ್ಲಿ ಗೆರೆ ಹಾಕಿದ್ದೇ ತಡ, ಮೈದುನ ಬಂದು ಗೆರೆಯ ಮೇಲೆ ನಿಂತ. ಆ ಮೂಲೆ ತನ್ನ ಪಾಲಿನದಂತೆ. ಅಕ್ಕಾರ ನನ್ನನ್ನು ಹಿತ್ತಲಿಗೆ ಕರೆದೊಯ್ದು ಬಚ್ಚಲ ನೀರು ಹರಿಯುವ ಜಾಗ ತೋರಿಸಿದರು. ಅಲ್ಲಿ ಮಣ್ಣು ವರ್ಷವಿಡೀ ಹಸಿ. ಅರ್ಥಿಂಗ್ ಅಳೆಯುವ ಮೀಟರ್ ಹಚ್ಚಿ ನೋಡಿದರೆ ನಾನು ಆರಿಸಿದ್ದ ಒಣ ಮೂಲೆಗಿಂತ ಎಷ್ಟೋ ಚಲೋ ಬಂತು. ನನ್ನ ಕೆಲಸವನ್ನು ನನಗಿಂತ ಚೆನ್ನಾಗಿ ಮಾಡಿದ್ದಕ್ಕೆ ಅವರಿಗೊಂದು ಒಳ್ಳೆಯ ಮಾತು ಹೇಳಬೇಕಿತ್ತು. ಹೇಳಲಿಲ್ಲ, ಆ ಮೈದುನನ ಮೇಲಿನ ಸಿಟ್ಟಿನಲ್ಲೇ ಇದ್ದೆ.

ಎಲ್ಲ ಮುಗಿದ ಮೇಲೆ ಬ್ಯಾಂಕ್ ಖಾತೆಯ ವಿವರ ತುಂಬುವ ಹಂತ ಬಂತು. ಬಿಲ್ಲಿನಲ್ಲಿರುವ ಹೆಸರೂ ಪಾಸ್‌ಬುಕ್ಕಿನಲ್ಲಿರುವ ಹೆಸರೂ ಒಂದೇ ಇರಬೇಕು. ಬಿಲ್ಲಿನಲ್ಲಿರುವವರು ಯಾರು, ಅವರ ಪಾಸ್‌ಬುಕ್ ಕೊಡಿ ಎಂದು ಆಗ ಕೇಳಿದೆ.

"ನಮ್ಮ ಮಾವಾರ ಹೆಸರದು," ಅಂದರು ಅಕ್ಕಾರ. "ತೀರಿಕೊಂಡು ಬಾಳ ವರ್ಷ ಆತು."

ಚೀಲದಿಂದ ಬಿಲ್ಲು ತೆಗೆದು ಆ ಹೆಸರನ್ನು ಮತ್ತೆ ಓದಿದೆ. ಬಿಲ್ಲು ಮೊದಲ ದಿನದಿಂದ ನನ್ನ ಚೀಲದಲ್ಲೇ ಇತ್ತು. ನಮ್ಮ ಜಿಲ್ಲೆಯಲ್ಲಿ ಮೀಟರಿನ ಮೇಲೆ ಹಿರಿಯರ ಹೆಸರು ಹಾಗೆಯೇ ಬಿಟ್ಟಿರುವ ಮನೆಗಳನ್ನು ನಾನು ಕಂಡವಳೇ. ಹೆಸರು ತೆಗೆಸಿದರೆ ಹಿರಿಯರನ್ನೇ ಮನೆಯಿಂದ ಹೊರಗೆ ಹಾಕಿದ ಹಾಗೆ ಎಂದು ಸಂಕಟಪಡುವವರೂ ಇದ್ದಾರೆ. ಇದೆಲ್ಲ ಗೊತ್ತಿದ್ದೂ, ಈ ಮನುಷ್ಯ ಬದುಕಿದ್ದಾನೆಯೇ ಎಂಬ ಒಂದು ಪ್ರಶ್ನೆ ನನ್ನ ಬಾಯಿಂದ ಬಂದಿರಲಿಲ್ಲ.

ಸರಿಯಾದ ದಾರಿ ಒಂದೇ ಇತ್ತು. ಮರಣಪತ್ರ ಹಚ್ಚಿ, ಉಳಿದ ವಾರಸುದಾರರ ಒಪ್ಪಿಗೆಯನ್ನು ಬಾಂಡ್ ಪೇಪರಿನ ಮೇಲೆ ಬರೆಸಿ, ಮೀಟರನ್ನು ಅಕ್ಕಾರರ ಹೆಸರಿಗೆ ಮಾಡಿಸಿ, ಆಮೇಲೆ ಹೊಸದಾಗಿ ಅರ್ಜಿ ಹಾಕುವುದು. ಬಾಂಡ್ ಪೇಪರ್ ತಂದು ಮೈದುನನ ಮುಂದೆ ಹಿಡಿದೆ. ಅವನು ಓದಲೂ ಇಲ್ಲ.

"ಅಪ್ಪನ ಹೆಸರು ತಗಸಾಕ ನಾ ಸಹಿ ಹಾಕಂಗಿಲ್ಲ," ಅಂದ. "ಆ ಹೆಸರಿನ ಮ್ಯಾಲ ಮನಿ ನಿಂತೈತಿ."

ಎರಡು ದಿನ ಬಿಟ್ಟು ಅವನೇ ಫೋನು ಮಾಡಿದ, ಬಾಯಿತುಂಬ ಬೆಲ್ಲ. ನಮ್ಮ ಕಡೆ ತೀರಿಕೊಂಡ ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವುದು ರೂಢಿ. ಅವನ ಮಗನಿಗೂ ಅದೇ ಹೆಸರು, ಅದೇ ಅಡ್ಡಹೆಸರು. ಮಗ ಹುಬ್ಬಳ್ಳಿಯಲ್ಲಿ ಒಂದು ಖಾಸಗಿ ಫೈನಾನ್ಸಿನಲ್ಲಿ ನೌಕರಿಯಲ್ಲಿದ್ದಾನೆ, ಅವನ ಪಾಸ್‌ಬುಕ್ಕನ್ನೇ ಹಚ್ಚಿದರೆ ಹೆಸರು ಹೊಂದುತ್ತದೆ, ಹಣ ಬಂದ ದಿನವೇ ತೆಗೆದು ಅಣ್ಣನ ಹೆಂಡತಿ ವೈನಿಯ ಕೈಗೆ ಕೊಡುವುದು, ಇಷ್ಟಕ್ಕೆ ಬಾಂಡ್ ಪೇಪರ್ ಯಾಕೆ ಎಂದು ಕೇಳಿದ. ಮರುದಿನ ನಾನು ಹೋದಾಗ ದೇವರ ಜಗಲಿಯ ಮುಂದೆ ನಿಂತು ಅದನ್ನೇ ಗಟ್ಟಿಯಾಗಿ ಹೇಳಿದ. ಗೋಡೆಯ ಈಚೆ ಅಕ್ಕಾರರಿಗೂ ಕೇಳಿಸಿತು.

ಇದು ಸುಳ್ಳು ಎಂದು ನನಗೆ ಗೊತ್ತಿತ್ತು. ಆದರೆ ಹೊಸ ಅರ್ಜಿ ಎಂದರೆ ತಿಂಗಳುಗಟ್ಟಲೆ ತಡ, ಯುಗಾದಿ ಹತ್ತಿರದಲ್ಲಿತ್ತು, ಆರು ಫಲಕ ಮೇಲೆ ಸುಮ್ಮನೆ ಒಣಗುತ್ತಿದ್ದವು. ಹೀಗೆ ಮಾಡೋಣ ಎಂದು ಅಕ್ಕಾರರಿಗೆ ಹೇಳಿದೆ. ಮಾಡೋಣವೇ ಎಂದು ಕೇಳಲಿಲ್ಲ. ಅವರು "ನಿನಗ ಗೊತ್ತಿರ್ಬೇಕು," ಅಂದರು. ಅದನ್ನೇ ಒಪ್ಪಿಗೆ ಎಂದು ತಿಳಿದೆ, ಅಥವಾ ತಿಳಿಯುವುದು ನನಗೆ ಅನುಕೂಲವಾಗಿತ್ತು.

ಫಲಕದ ಪಕ್ಕ ಗ್ರಾಹಕ ನಿಂತ ಫೋಟೋ ಹಾಕಬೇಕು, ಅದರಲ್ಲಿ ಜಾಗದ ಗುರುತೂ ಬರಬೇಕು. ಮಗ ಹುಬ್ಬಳ್ಳಿಯಿಂದ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದ. ಅವನು ಆ ಮಾಳಿಗೆ ಹತ್ತಿದ್ದು ಅದೇ ಮೊದಲು. ನಾನು ಫೋನು ಹಿಡಿದಾಗ ಅಕ್ಕಾರ ಫಲಕದ ಮೇಲಿನ ಧೂಳನ್ನು ಸೆರಗಿನಿಂದ ಒರೆಸುತ್ತಿದ್ದರು.

"ಸ್ವಲ್ಪ ಆಚಿ ಸರೀರಿ ಅಕ್ಕಾರ, ಫೋಟೋದಾಗ ಬರಾಕತ್ತೀರಿ," ಅಂದೆ ನಾನು.

ಅವರು ಸರಿದು ನೀರಿನ ಟ್ಯಾಂಕಿನ ಹಿಂದೆ ನಿಂತರು.

ತಪಾಸಣೆಗೆ ವಿದ್ಯುತ್ ಕಂಪನಿಯ ಶಾಖಾಧಿಕಾರಿ ಬಂದರು. ಮೇನ್ ಬಂದ್ ಮಾಡಿದರೆ ಇನ್ವರ್ಟರ್ ತಾನಾಗಿಯೇ ನಿಲ್ಲುತ್ತದೆಯೇ ಎಂದು ಮೂರು ಸಲ ನೋಡಿದರು. ನಿಲ್ಲದಿದ್ದರೆ ಕಂಬದ ಮೇಲಿರುವ ಲೈನ್‌ಮನ್ ಜೀವಕ್ಕೆ ಸಂಚಕಾರ. ಅರ್ಥಿಂಗ್ ಅಳತೆ ಬರೆದುಕೊಂಡರು, ವೈರು ಎಳೆದು ನೋಡಿದರು. ಯಂತ್ರದ ವಿಷಯದಲ್ಲಿ ಎಳ್ಳಷ್ಟೂ ರಿಯಾಯಿತಿ ಇಲ್ಲದ ಆ ಮನುಷ್ಯ, ಹುಡುಗನ ಗುರುತಿನ ಚೀಟಿ ಬಂದಾಗ ಹೆಸರಿನ ಮೇಲೆ ಒಮ್ಮೆ ಕಣ್ಣಾಡಿಸಿ ಸಹಿ ಹಾಕಿದರು. ಒಳಗೆ ಬಂದ ಕರೆಂಟನ್ನೂ ಹೊರಗೆ ಹೋದ ಕರೆಂಟನ್ನೂ ಎಣಿಸುವ ಹೊಸ ಮೀಟರ್ ಬಂತು. ಸಹಾಯಧನ ಜಮಾ ಆದ ದಿನ ಪೋರ್ಟಲಿನಲ್ಲಿ ನೋಡಿ ನಾನೇ ಅಕ್ಕಾರರಿಗೆ ಫೋನು ಮಾಡಿ, ಇನ್ನು ಪಾಟ್ಲಿ ತಂದುಕೊಳ್ಳಿ ಅಂದೆ.

ಒಂದು ವಾರ ಆಯಿತು, ಎರಡು ವಾರ ಆಯಿತು. ಮೈದುನ ಮೊದಲು ಮಗನಿಗೆ ರಜೆ ಇಲ್ಲ ಅಂದ, ಆಮೇಲೆ ಬ್ಯಾಂಕಿನಲ್ಲಿ ತೊಂದರೆ ಅಂದ, ಆಮೇಲೆ ಫೋನು ಎತ್ತುವುದನ್ನೇ ಬಿಟ್ಟ. ಲಕ್ಷ್ಮೇಶ್ವರಕ್ಕೆ ಹೋಗಿ ಅಂಗಳದಲ್ಲಿ ನಿಂತು ಕೇಳಿದೆ.

"ಮೀಟರ್ ಯಾರ ಹೆಸರಿಲೆ ಐತ್ರಿ? ಖಾತೆ ಯಾರ ಹೆಸರಿಲೆ ಐತ್ರಿ?" ಎಂದು ಅವನು ನನ್ನನ್ನೇ ಕೇಳಿದ. "ಸರಕಾರ ನನ್ನ ಮಗಗ ಕೊಟ್ಟೈತಿ. ಕಂಪ್ಲೇಂಟ್ ಮಾಡ್ತೀರಿ? ಮಾಡ್ರಿ. ಸುಳ್ಳು ಫೋಟೋ ಹಾಕಿದಾಕಿ ನೀವು ಬಾಯಾರ, ಮೊದಲ ನಿಮ್ಮ ಲೈಸೆನ್ಸ್ ಹೋಗತೈತಿ."

ಅವನ ಮಾತಿನಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ, ಅದಕ್ಕೇ ಮೈಯೆಲ್ಲ ಉರಿಯಿತು. ಸೀದಾ ಹಿಂದೆ ಹೋಗಿ, ಅಕ್ಕಾರರಲ್ಲೇ ಬಿಟ್ಟಿದ್ದ ನಮ್ಮ ಏಣಿ ಹಚ್ಚಿ ಮೇಲೆ ಹತ್ತಿ, ಫಲಕಗಳಿಂದ ಬರುವ ಲೈನಿನ ಸ್ವಿಚ್ಚು ತಿರುವಿ ಬಂದ್ ಮಾಡಿದೆ. ನಾನು ಕೂಡಿಸಿದ ಸೋಲಾರಿನ ಕರೆಂಟು ಇವನ ಫ್ಯಾನು ತಿರುಗಿಸುವುದು ಬೇಡ ಎನ್ನುವ ಹಟ. ಅಕ್ಕಾರ ಕೆಳಗೆ ನಿಂತು ನೋಡುತ್ತಿದ್ದರು. ನಾನು ಇಳಿದ ಮೇಲೆ ಅವರ ಮುಖದಲ್ಲಿ ಮೈದುನನ ಮೇಲೆ ಇದ್ದದ್ದಕ್ಕಿಂತ ಹೆಚ್ಚಿನ ಸಿಟ್ಟು ನನ್ನ ಮೇಲಿತ್ತು.

"ಹತ್ತಿ ಚಾಲೂ ಮಾಡಿ ಬಾ. ಬಿಲ್ಲು ಬಂದ್ರ ಅರ್ಧ ನಾ ಕಟ್ಟಾಕಿ," ಅಂದರು.

ಮತ್ತೆ ಹತ್ತಿದೆ. ಆ ಏಣಿಯ ಮೆಟ್ಟಿಲು ನನಗೆ ಅಷ್ಟು ಎತ್ತರ ಅನ್ನಿಸಿದ್ದು ಅದೇ ದಿನ.

ಶಾಖಾಧಿಕಾರಿಯ ಹತ್ತಿರ ಹೋಗಿ ನಡೆದದ್ದನ್ನೆಲ್ಲ ಹೇಳಿದೆ. ಅವರು ಎದ್ದು ಹೋಗಿ ಕೋಣೆಯ ಬಾಗಿಲು ಮುಂದೆ ಮಾಡಿದರು. ಫೈಲು ಮುಗಿದಿದೆ, ಅದರ ಮೇಲೆ ತಮ್ಮ ಸಹಿಯೂ ಇದೆ, ನನ್ನದೂ ಇದೆ, ಅದನ್ನು ಕೆದಕಿದರೆ ಇಬ್ಬರೂ ಅನುಭವಿಸಬೇಕಾಗುತ್ತದೆ, ಮನೆಯ ಜಗಳವನ್ನು ಮನೆಯವರೇ ಬಗೆಹರಿಸಿಕೊಳ್ಳಲಿ ಎಂದರು. ಚಹಾ ತರಿಸಿದರು. ಆ ಇಡೀ ಪ್ರಕರಣದಲ್ಲಿ ನನಗೆ ಸಿಕ್ಕ ಒಂದೇ ಉಪಚಾರ ಅದು, ಬಾಯಿ ಮುಚ್ಚಿಸುವ ಉಪಚಾರ.

ಆಮೇಲೆ ಅಕ್ಕಾರ ಒಮ್ಮೆ ಬೆಟಗೇರಿಗೆ ಬಂದು ಸೊಸೈಟಿಯ ನೋಟಿಸನ್ನು ನನ್ನ ಮೇಜಿನ ಮೇಲೆ ಇಟ್ಟರು. ನಾನು ಓದಿದ ಮೇಲೆ ಮಡಚಿ ಚೀಲಕ್ಕೆ ಹಾಕಿಕೊಂಡು ಬಸ್ಸಿಗೆ ಹೋದರು. ಬೈದಿದ್ದರೆ ನಾನೂ ಎರಡು ಮಾತಾಡಿ ಮನಸ್ಸು ಹಗುರ ಮಾಡಿಕೊಳ್ಳುತ್ತಿದ್ದೆ.

ಮೂರು ದಿನ ಒದ್ದಾಡಿದೆ. ನಾಲ್ಕನೆಯ ದಿನ ಬೆಳಿಗ್ಗೆ ಅಂಗಡಿಯ ಬಾಗಿಲು ಹಾಕಿಕೊಂಡು ಕೂತು ಎರಡು ಹಾಳೆ ಬರೆದೆ. ಈ ಮೀಟರಿನ ಗ್ರಾಹಕರು ತೀರಿಕೊಂಡಿದ್ದಾರೆ, ಫೋಟೋದಲ್ಲಿ ಇರುವವನು ಅವರ ಮೊಮ್ಮಗ, ಹಣ ಹಾಕಿದವರು ಹಿರಿಯ ಸೊಸೆ, ಎಲ್ಲ ಗೊತ್ತಿದ್ದೂ ಈ ದಾಖಲೆಗಳನ್ನು ಏರಿಸಿದವಳು ನಾನು ಎಂದು ಒಂದನ್ನೂ ಮುಚ್ಚಿಡದೆ ಬರೆದೆ. ಪೋರ್ಟಲಿಗೆ ಏರಿಸಿದೆ, ಗದಗಿನ ದೊಡ್ಡ ಕಚೇರಿಗೆ ಹೋಗಿ ಕೈಯಾರೆ ಕೊಟ್ಟು ಮುದ್ರೆ ಹಾಕಿಸಿಕೊಂಡೆ. ಹೊರಗೆ ಬಂದು ಎಷ್ಟೋ ದಿನಗಳ ಮೇಲೆ ಹೊಟ್ಟೆ ತುಂಬ ಊಟ ಮಾಡಿದೆ.

ಪರಿಣಾಮಕ್ಕೆ ಬಹಳ ದಿನ ಕಾಯಬೇಕಾಗಲಿಲ್ಲ. ನನ್ನ ಪೋರ್ಟಲ್ ಖಾತೆ ಬಂದ್ ಆಯಿತು, ವಿಚಾರಣೆ ಮುಗಿಯುವ ತನಕ ಹೊಸ ಅರ್ಜಿ ಒಂದನ್ನೂ ಹಾಕುವಂತಿಲ್ಲ. ಮುಂಡರಗಿಯ ಎರಡೂ ಮನೆಯವರು ಬೇರೆಯವರ ಕಡೆ ಹೋದರು. ಶಾಖಾಧಿಕಾರಿ ಎದುರಿಗೆ ಸಿಕ್ಕರೂ ಮುಖ ತಿರುಗಿಸತೊಡಗಿದರು. ಲಕ್ಷ್ಮೇಶ್ವರದ ಮೀಟರಿನ ಸೋಲಾರ್ ಒಪ್ಪಂದ ರದ್ದಾಗಿ ಫಲಕಗಳು ನಿಂತವು. ಹಣ ಮರಳಿಸಬೇಕೆಂದು ಹುಬ್ಬಳ್ಳಿಯ ಮಗನಿಗೆ ನೋಟಿಸು ಹೋಯಿತು. ನೌಕರಿಗೆ ಕುತ್ತು ಬಂದೀತೆಂದು ಹೆದರಿ ಅವನು ಪೂರ್ತಿ ಹಣವನ್ನು ಸರಕಾರಕ್ಕೆ ತುಂಬಿದ. ಕೇಸಿನ ಮಾತು ಬಂದ ಮೇಲೆ ಮೈದುನನೂ ಮೆತ್ತಗಾಗಿ, ಹೆಸರು ಬದಲಾವಣೆಯ ಬಾಂಡ್ ಪೇಪರಿಗೆ ಸಹಿ ಹಾಕಿದನೆಂದು ಕಚೇರಿಯಲ್ಲಿ ಕೇಳಿದೆ. ನನಗೆ ಗೆದ್ದಂತೆಯೇ ಅನ್ನಿಸಿತು. ಅಕ್ಕಾರರಿಗೆ ಎರಡು ಸಲ ಫೋನು ಮಾಡಿದೆ, ಎತ್ತಲಿಲ್ಲ.

ಯುಗಾದಿ ಆಗಿ ಹದಿನೈದು ದಿನಕ್ಕೆ ಅವರು ಅಂಗಡಿಗೆ ಬಂದರು. ಕುಂಡ್ರಿ ಅಂದೆ, ಕೂರಲಿಲ್ಲ. ಕೈಯಲ್ಲಿ ಪಾಟ್ಲಿ ಇರಲಿಲ್ಲ. ಸೊಸೈಟಿಯವರು ಹರಾಜು ಮಾಡಿದ್ದರು. ನಾನು ಸತ್ಯ ಹೇಳಿದೆನಲ್ಲ ಅಕ್ಕಾರ, ಅವನನ್ನು ಬಿಡಲಿಲ್ಲವಲ್ಲ ಎಂದು ಏನೇನೋ ಶುರು ಮಾಡಿದೆ. ಅವರು ಕೈ ಎತ್ತಿ ತಡೆದರು.

"ನೀ ಆ ಕಾಗದ ಕೊಟ್ಟಿದ್ದು ಶುಕ್ರವಾರ," ಅಂದರು. "ಗುರುವಾರ ನಾಕು ಮಂದಿ ಹಿರೇರನ್ನ ಕುಂಡ್ರಿಸಿ ಮೈದುನನ್ನ ಒಪ್ಪಿಸಿದ್ದೆ ನಾನು. ಸೋಮವಾರ ಅರ್ಧಾ ರೊಕ್ಕ ಕೊಡಾವ ಇದ್ದ. ಪಾಟ್ಲಿ ಬಿಡಿಸಾಕ ಅಷ್ಟ ಸಾಕಾಗಿತ್ತು, ನಿನ್ನ ಕಾಗದದ ಸುದ್ದಿ ಕೇಳಿ ಹಿಂದ ಸರದ."

ಅವರೇ ಮುಂದುವರಿಸಿದರು.

"ಫೋಟೋ ತಗಿಯೂ ಮುಂದನೂ ನನ್ನ ಕೇಳಲಿಲ್ಲ. ಕಾಗದ ಬರಿಯೂ ಮುಂದನೂ ಕೇಳಲಿಲ್ಲ. ಖರೆ ಹೇಳಿದ್ದು ನಿನ್ನ ಸಲುವಾಗಿ, ನನ್ನ ಸಲುವಾಗಿ ಅಲ್ಲ."

ಮೂರು ದಿನ ಒದ್ದಾಡಿದವಳಿಗೆ ಒಂದು ಫೋನು ಮಾಡುವುದು ಹೊಳೆದಿರಲಿಲ್ಲ. ಆ ಮೈದುನನನ್ನು ಎಷ್ಟು ಬೈದರೂ ಈ ಪಾಲು ನನ್ನದೇ.

ಅವರು ಬಂದದ್ದು ಜಗಳಕ್ಕಲ್ಲ. ಮೀಟರ್ ಅವರ ಹೆಸರಿಗೆ ಆಗಿತ್ತು. ಇನ್ನೊಬ್ಬ ಕಾಂಟ್ರಾಕ್ಟರನ ಮೂಲಕ ಹೊಸದಾಗಿ ಅರ್ಜಿ ಹಾಕುವವರಿದ್ದರು. ಸಹಾಯಧನ ಮತ್ತೆ ಸಿಗುವ ಖಾತ್ರಿ ಇಲ್ಲ, ಹಾಕಿ ನೋಡಿ ಎಂದು ಕಚೇರಿಯವರು ಹೇಳಿದ್ದರು. ಅದಕ್ಕೆ ಈ ಆರು ಫಲಕ, ಈ ಇನ್ವರ್ಟರ್ ಇಂಥವರಿಗೆ ಮಾರಿದ್ದು, ಇಂಥವರು ಪೂರ್ತಿ ಹಣ ಕೊಟ್ಟಿದ್ದಾರೆ ಎಂದು ನಾನು ಬರೆದುಕೊಡಬೇಕಿತ್ತು. ಪ್ರತಿ ಫಲಕದ ನಂಬರನ್ನೂ ನೋಡಿ ನೋಡಿ ಬರೆದೆ. ಖರೀದಿದಾರರು ಎಂಬಲ್ಲಿ, ದಿವಂಗತ ಇಂಥವರ ಹಿರಿಯ ಸೊಸೆ ಎಂದು ಬರೆದು ಕೊಟ್ಟೆ. ಅವರು ನಿಂತಲ್ಲೇ ಸಾಲು ಸಾಲಾಗಿ ಓದಿ, ಅದರ ಮೇಲೆ ಬೆರಳಿಟ್ಟರು.

"ಇದನ್ನ ಹೊಡದ ಹಾಕು. ಬರೇ ನನ್ನ ಹೆಸರು ಬರಿ."

ಪೆನ್ನು ಹಿಡಿದು ಕೂತೆ. ಐದು ತಿಂಗಳು ಅವರ ಮನೆಗೆ ತಿರುಗಿದ್ದೆ, ಅವರ ಪಾಟ್ಲಿಯ ಹಣ ಎಣಿಸಿಕೊಂಡಿದ್ದೆ. ನನ್ನ ಫೋನಿನಲ್ಲಿ ಅವರ ನಂಬರು ಲಕ್ಷ್ಮೇಶ್ವರ ಸೈಟ್ ಎಂದು ಇತ್ತು. ರಸೀದಿ ಕೂಡ ಮಾವನ ಹೆಸರಿಗೇ ಹರಿದಿದ್ದೆ.

"ನಿಮ್ಮ ಹೆಸರೇನ್ರಿ ಅಕ್ಕಾರ?" ಎಂದು ಕೇಳಿದೆ.

ಅವರು ಹೇಳಿದರು, ನಾನು ಬರೆದೆ. ಹೊಸ ಹಾಳೆಯನ್ನು ಇನ್ನೊಮ್ಮೆ ಓದಿ, ಮಡಚಿಕೊಂಡು ಹೋದರು.

ಇದನ್ನು ಬರೆಯುವ ಮೊದಲು ಅವರಿಗೆ ಫೋನು ಮಾಡಿದೆ. ಈ ಸಲ ಎತ್ತಿದರು. ನಡೆದದ್ದನ್ನು ಬರೆಯಲೇ ಎಂದು ಕೇಳಿದೆ, ಬರಿ ಅಂದರು. ನಿಮ್ಮ ಹೆಸರು ಹಾಕಲೇ ಎಂದು ಕೇಳಿದೆ. ಬ್ಯಾಡ ಅಂದರು.